ವ್ರತವೇ ಯೋಗದ ತಳಹದಿ: ಕಲಿಕಾಲಸರ್ವಜ್ಞ ಹೇಮಚಂದ್ರಾಚಾರ್ಯರು

ಯೋಗಶಾಸ್ತ್ರವೆಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ಬರುವುದು ಪತಂಜಲಿ ಮಹರ್ಷಿಗಳ ಸೂತ್ರಗಳು. ಜೈನ ಪರಂಪರೆಯಲ್ಲಿಯೂ ಯೋಗವನ್ನು ಕುರಿತು ಸಂಸ್ಕೃತದಲ್ಲಿ ರಚಿತವಾದ ಗ್ರಂಥಗಳ ಒಂದು ಉಜ್ಜ್ವಲ ಸಾಲೇ ಇದೆ. ಕನ್ನಡ ನಾಡಿನ ಪೂಜ್ಯಪಾದಾಚಾರ್ಯರ ಸಮಾಧಿತಂತ್ರ ಮತ್ತು ಇಷ್ಟೋಪದೇಶ, ಎಂಟನೆಯ ಶತಮಾನದ ಹರಿಭದ್ರಸೂರಿಗಳ ಯೋಗಬಿಂದು ಮತ್ತು ಯೋಗದೃಷ್ಟಿಸಮುಚ್ಚಯ, ಶುಭಚಂದ್ರಾಚಾರ್ಯರ ಜ್ಞಾನಾರ್ಣವ ಇವುಗಳಲ್ಲಿ ಮುಖ್ಯವಾದವು. ಈ ಸಾಲಿನಲ್ಲಿ ಹನ್ನೆರಡನೆಯ ಶತಮಾನದ ಗುಜರಾತಿನ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರಕ್ಕೆ ಒಂದು ವಿಶೇಷ ಸ್ಥಾನವಿದೆ. ಅದು ವನವಾಸಿಯಾದ ತಪಸ್ವಿಗಾಗಿ ಬರೆದ ಗ್ರಂಥವಲ್ಲ. ರಾಜ್ಯಭಾರದ ಹೊಣೆ ಹೊತ್ತಿದ್ದ, ಮಾಂಸಾಹಾರದಲ್ಲಿ ಬೆಳೆದಿದ್ದ, ಯುದ್ಧಗಳನ್ನು ಮಾಡಿದ್ದ ಒಬ್ಬ ಅರಸನ ಪ್ರಾರ್ಥನೆಯ ಮೇರೆಗೆ ರಚಿತವಾದುದು. ಇಂತಹ ಗೃಹಸ್ಥನಿಗೆ ಯೋಗವು ಸಾಧ್ಯವೇ, ಸಾಧ್ಯವಾದರೆ ಅದು ಎಲ್ಲಿಂದ ಆರಂಭವಾಗಬೇಕು ಎಂಬ ಪ್ರಶ್ನೆಗೆ ಆಚಾರ್ಯರು ಕೊಟ್ಟ ಉತ್ತರ ಒಂದೇ: ವ್ರತದಿಂದ. ಅವರ ಜೀವನಚರಿತ್ರೆಯೂ ಇದೇ ಉತ್ತರದ ವಿಸ್ತಾರವಾಗಿದೆ.

ವಿಕ್ರಮ ಸಂವತ್ 1145ರ ಕಾರ್ತಿಕ ಹುಣ್ಣಿಮೆಯಂದು, ಅಂದರೆ ಕ್ರಿ.ಶ. 1088ರ ಸುಮಾರಿಗೆ, ಗುಜರಾತಿನ ಧಂಧುಕ ಎಂಬ ಊರಿನಲ್ಲಿ ಮೋಢ ವಣಿಕ ಕುಲದ ಚಾಚಿಗ ಮತ್ತು ಪಾಹಿಣಿ ದಂಪತಿಗಳಿಗೆ ಒಬ್ಬ ಮಗನು ಹುಟ್ಟಿದನು. ಮಗುವಿಗೆ ಚಾಂಗದೇವನೆಂದು ಹೆಸರಿಟ್ಟರು. ತಾಯಿ ಜಿನಭಕ್ತೆ, ತಂದೆಯಾದರೋ ಜಿನಧರ್ಮದ ಅನುಯಾಯಿಯಾಗಿರಲಿಲ್ಲವೆಂದು ಮೇರುತುಂಗನ ಪ್ರಬಂಧಚಿಂತಾಮಣಿಯಿಂದ ತಿಳಿಯುತ್ತದೆ. ಒಮ್ಮೆ ದೇವಚಂದ್ರಸೂರಿಗಳು ಧಂಧುಕಕ್ಕೆ ಬಂದಾಗ ಬಾಲಕನು ಆಟವಾಡುತ್ತ ಹೋಗಿ ಗುರುಗಳ ಆಸನದ ಮೇಲೆಯೇ ಕುಳಿತುಬಿಟ್ಟನಂತೆ. ಅವನ ಲಕ್ಷಣಗಳನ್ನು ಕಂಡ ಗುರುಗಳು ಊರಿನ ಶ್ರಾವಕರೊಡನೆ ಪಾಹಿಣಿಯ ಮನೆಗೆ ಬಂದು ಮಗನನ್ನು ಧರ್ಮಕ್ಕಾಗಿ ಬೇಡಿದರು. ಪತಿ ಪರಸ್ಥಳದಲ್ಲಿದ್ದನು. ಅವನ ಅನುಮತಿಯಿಲ್ಲದೆ ಕೊಡುವುದು ಕಷ್ಟ. ಮನೆ ಬಾಗಿಲಿಗೆ ಬಂದ ಗುರುಗಳನ್ನು ಬರಿಗೈಯಲ್ಲಿ ಕಳುಹಿಸುವುದು ಇನ್ನೂ ಕಷ್ಟ. ಬಹಳ ತಳಮಳಿಸಿ ಕೊನೆಗೆ ತಾಯಿ ಮಗನನ್ನು ಒಪ್ಪಿಸಿದಳು.

ಚಾಚಿಗನು ಮರಳಿ ಬಂದು ವಿಷಯವನ್ನು ತಿಳಿದಾಗ, ಮಗನ ಮುಖವನ್ನು ನೋಡುವವರೆಗೆ ಅನ್ನವನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಗುರುಗಳಿದ್ದ ಊರಿಗೆ ಹೊರಟನು. ಅಲ್ಲಿ ಉದಯನ ಮಂತ್ರಿಯು ಅವನನ್ನು ಆದರದಿಂದ ಬರಮಾಡಿಕೊಂಡು, ಉಣಬಡಿಸಿ, ಬಾಲಕನನ್ನು ಅವನ ತೊಡೆಯ ಮೇಲೆ ಕುಳ್ಳಿರಿಸಿ, ವಸ್ತ್ರಗಳನ್ನೂ ಮೂರು ಲಕ್ಷ ದ್ರವ್ಯವನ್ನೂ ಮುಂದಿಟ್ಟನು. ತಂದೆ ಆ ಹಣವನ್ನು ಮುಟ್ಟಲಿಲ್ಲ. ತನ್ನ ಮಗನಿಗೆ ಬೆಲೆ ಕಟ್ಟಲಾಗದು, ಮಂತ್ರಿಯ ಭಕ್ತಿಯಾದರೋ ಅದಕ್ಕಿಂತಲೂ ಅಮೂಲ್ಯ, ಆ ಭಕ್ತಿಯೇ ಮೌಲ್ಯವಾಗಿರಲಿ ಎಂದು ಹೇಳಿ ಮಗನನ್ನು ಕೊಟ್ಟನೆಂದು ಮೇರುತುಂಗನು ಬರೆಯುತ್ತಾನೆ. ಈ ಪ್ರಸಂಗವನ್ನು ಬಹುಮಂದಿ ಗುರುವಿನ ಮಹಿಮೆಗಾಗಿ ಸ್ಮರಿಸುತ್ತಾರೆ. ಆದರೆ ಚಾಚಿಗನ ತ್ಯಾಗವೂ ಸಣ್ಣದಲ್ಲ. ಕೋಪದಿಂದ ತೊಟ್ಟ ಅನ್ನತ್ಯಾಗದ ಛಲವು ಕೊನೆಗೆ ಮೋಹತ್ಯಾಗದಲ್ಲಿ ಪರ್ಯವಸಾನವಾಯಿತು.

ಬಾಲಕನಿಗೆ ಸ್ತಂಭತೀರ್ಥದಲ್ಲಿ, ಅಂದರೆ ಇಂದಿನ ಖಂಭಾತಿನಲ್ಲಿ, ದೀಕ್ಷೆಯಾಯಿತು. ಆಗ ಅವನಿಗೆ ಐದು ವರ್ಷವೆಂದು ಕೆಲವು ಗ್ರಂಥಗಳೂ ಒಂಬತ್ತು ವರ್ಷವೆಂದು ಬೇರೆ ಗ್ರಂಥಗಳೂ ಹೇಳುತ್ತವೆ. ಸೋಮಚಂದ್ರನೆಂಬ ಹೆಸರಿನಿಂದ ವ್ಯಾಕರಣ, ತರ್ಕ, ಕಾವ್ಯ, ಆಗಮಗಳನ್ನು ಅಭ್ಯಾಸಮಾಡಿದ ಆ ತರುಣ ಮುನಿಗೆ ವಿಕ್ರಮ ಸಂವತ್ 1166ರಲ್ಲಿ, ಕೇವಲ 21ನೆಯ ವಯಸ್ಸಿನಲ್ಲಿ, ಆಚಾರ್ಯಪದವಿ ದೊರೆಯಿತು. ಅಂದಿನಿಂದ ಅವರು ಹೇಮಚಂದ್ರಸೂರಿಗಳಾದರು. ತಾಯಿ ಪಾಹಿಣಿಯೂ ದೀಕ್ಷೆಯನ್ನು ಸ್ವೀಕರಿಸಿ ಸಾಧ್ವಿಯಾದಳು. ಮಗನನ್ನು ಕೊಟ್ಟ ತಾಯಿ ಕೊನೆಗೆ ಮಗನು ಹಿಡಿದ ದಾರಿಯನ್ನೇ ಹಿಡಿದಳು.

ಆ ಕಾಲದ ಗುಜರಾತು ಚೌಲುಕ್ಯರ ಆಳ್ವಿಕೆಯಲ್ಲಿತ್ತು. ಅಣಹಿಲ್ಲಪುರ ಪಾಟಣ ರಾಜಧಾನಿ. ಸಿದ್ಧರಾಜ ಜಯಸಿಂಹನು ಅಲ್ಲಿ ಸುಮಾರು 1094ರಿಂದ 1143ರವರೆಗೆ ಆಳಿದನು. ಈ ಅರಸನ ತಾಯಿ ಮಯಣಲ್ಲದೇವಿ ಕದಂಬ ವಂಶದ ಜಯಕೇಶಿಯ ಮಗಳೆಂಬುದು ಕನ್ನಡಿಗರು ಗಮನಿಸಬೇಕಾದ ಸಂಗತಿ. ಹೇಮಚಂದ್ರರೇ ತಮ್ಮ ದ್ವ್ಯಾಶ್ರಯ ಮಹಾಕಾವ್ಯದಲ್ಲಿ ಇದನ್ನು ದಾಖಲಿಸಿದ್ದಾರೆ. ಸಿದ್ಧರಾಜನ ಸಭೆಯಲ್ಲಿ ವಿಕ್ರಮ ಸಂವತ್ 1181ರಲ್ಲಿ ಕರ್ನಾಟಕದಿಂದ ಬಂದಿದ್ದ ದಿಗಂಬರ ವಿದ್ವಾಂಸ ಕುಮುದಚಂದ್ರರಿಗೂ ಶ್ವೇತಾಂಬರರಾದ ವಾದಿ ದೇವಸೂರಿಗಳಿಗೂ ಪ್ರಸಿದ್ಧವಾದ ವಾದವೊಂದು ನಡೆಯಿತು. ಆ ಸಭೆಯಲ್ಲಿ ತರುಣ ಹೇಮಚಂದ್ರರೂ ಇದ್ದರೆಂದು ಪ್ರಬಂಧಗಳು ತಿಳಿಸುತ್ತವೆ.

ಸಿದ್ಧರಾಜನು ಮಾಳವವನ್ನು ಗೆದ್ದಾಗ ಧಾರಾನಗರದ ಗ್ರಂಥಭಂಡಾರವೂ ಅವನ ಕೈಸೇರಿತು. ಅದರಲ್ಲಿ ಭೋಜರಾಜನ ವ್ಯಾಕರಣವನ್ನು ಕಂಡು, ತನ್ನ ನಾಡಿನಲ್ಲಿಯೂ ಅಂತಹ ಶಾಸ್ತ್ರವೊಂದು ಹುಟ್ಟಬೇಕೆಂದು ಅವನು ಬಯಸಿದನು. ಆ ಕಾರ್ಯವು ಹೇಮಚಂದ್ರರ ಪಾಲಿಗೆ ಬಂತು. ಅವರು ರಚಿಸಿದ ಸಿದ್ಧಹೇಮಶಬ್ದಾನುಶಾಸನದಲ್ಲಿ ಎಂಟು ಅಧ್ಯಾಯಗಳಿವೆ. ಏಳು ಸಂಸ್ಕೃತಕ್ಕೆ, ಎಂಟನೆಯದು ಪ್ರಾಕೃತ ಮತ್ತು ಅಪಭ್ರಂಶಗಳಿಗೆ ಮೀಸಲು. ಅರಸನ ಮತ್ತು ಆಚಾರ್ಯರ ಹೆಸರುಗಳೆರಡೂ ಆ ಗ್ರಂಥದ ಹೆಸರಿನಲ್ಲಿ ಬೆರೆತಿವೆ. ಅನಂತರ ಅಭಿಧಾನಚಿಂತಾಮಣಿಯೆಂಬ ನಿಘಂಟು, ಕಾವ್ಯಾನುಶಾಸನ, ಛಂದೋನುಶಾಸನ, ಪ್ರಮಾಣಮೀಮಾಂಸೆ, ತ್ರಿಷಷ್ಟಿಶಲಾಕಾಪುರುಷಚರಿತ ಮುಂತಾಗಿ ಹಲವು ಶಾಸ್ತ್ರಗಳಲ್ಲಿ ಅವರ ಲೇಖನಿ ಹರಿಯಿತು. ಕಲಿಕಾಲಸರ್ವಜ್ಞರೆಂಬ ಬಿರುದು ಅವರಿಗೆ ಸಂದುದು ಈ ಬಹುಮುಖ ಪಾಂಡಿತ್ಯಕ್ಕಾಗಿ.

ಆದರೆ ಪಾಂಡಿತ್ಯವು ಸಭೆಯನ್ನು ಗೆಲ್ಲಬಲ್ಲದು. ಅರಸನ ಆಚಾರವನ್ನು ಬದಲಿಸಲು ಅದೊಂದೇ ಸಾಲದು. ಸಿದ್ಧರಾಜನು ಶಿವಭಕ್ತನಾಗಿಯೇ ಉಳಿದನು. ಆಚಾರ್ಯರೂ ಅವನನ್ನು ಬಲವಂತಪಡಿಸಲಿಲ್ಲ. ಯಾವ ಧರ್ಮವು ಮೋಕ್ಷವನ್ನು ಕೊಡುವುದೆಂದು ಅವನು ಕೇಳಿದಾಗ ಅವರು ಒಂದು ಹಳೆಯ ಕಥೆಯನ್ನು ಹೇಳಿದರಂತೆ. ಒಬ್ಬಳು ಮದ್ದಿನ ಪ್ರಭಾವದಿಂದ ತನ್ನ ಗಂಡನನ್ನು ಎತ್ತಾಗಿ ಮಾಡಿಬಿಟ್ಟಳು. ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡುವ ಮೂಲಿಕೆಯು ಒಂದು ಮರದ ನೆರಳಿನಲ್ಲಿದೆಯೆಂದು ತಿಳಿದರೂ ಯಾವುದೆಂದು ಗುರುತು ಸಿಗದೆ, ಅಲ್ಲಿಯ ಹುಲ್ಲುಸಸಿಗಳನ್ನೆಲ್ಲ ಕಿತ್ತು ತಿನ್ನಿಸಿದಳು. ಗುರುತಿಲ್ಲದ ಮೂಲಿಕೆಯೂ ಅದರೊಡನೆ ಹೊಟ್ಟೆ ಸೇರಿ ಎತ್ತು ಮನುಷ್ಯನಾಯಿತು. ಹಾಗೆಯೇ ನಿಜವನ್ನು ಬೇರ್ಪಡಿಸಿ ಅರಿಯುವ ಶಕ್ತಿ ಬರುವವರೆಗೆ ಎಲ್ಲ ದರ್ಶನಗಳನ್ನೂ ಗೌರವಿಸುವುದು ಕ್ಷೇಮವೆಂಬುದು ಅವರ ಸೂಚನೆಯಾಗಿತ್ತು.

1143ರಲ್ಲಿ ಪಟ್ಟಕ್ಕೆ ಬಂದ ಕುಮಾರಪಾಲನ ಕಥೆ ಬೇರೆ. ಸಿದ್ಧರಾಜನಿಗೆ ಇವನ ಮೇಲೆ ದ್ವೇಷವಿದ್ದುದರಿಂದ ಇವನು ಅನೇಕ ವರ್ಷಗಳ ಕಾಲ ವೇಷ ಮರೆಸಿಕೊಂಡು ಊರೂರು ಅಲೆದಿದ್ದನು. ಖಂಭಾತಿನಲ್ಲಿ ರಾಜಭಟರು ಬೆನ್ನಟ್ಟಿ ಬಂದಾಗ ಹೇಮಚಂದ್ರರು ಇವನನ್ನು ತಾಳೆಯೋಲೆಯ ಕಟ್ಟುಗಳ ರಾಶಿಯಡಿಯಲ್ಲಿ ಅಡಗಿಸಿ ಕಾಪಾಡಿದರೆಂದು ಪರಂಪರೆಯು ಹೇಳುತ್ತದೆ. ಸುಮಾರು ಐವತ್ತರ ವಯಸ್ಸಿನಲ್ಲಿ ಸಿಂಹಾಸನವೇರಿದ ಈ ಅರಸನು ಮೊದಲ ವರ್ಷಗಳನ್ನು ಯುದ್ಧಗಳಲ್ಲಿಯೇ ಕಳೆದನು. ಆಮೇಲೆ ಅವನ ಮನಸ್ಸು ಆಚಾರ್ಯರ ಉಪದೇಶದ ಕಡೆಗೆ ತಿರುಗಿತು.

ಈ ಪರಿವರ್ತನೆಯು ಒಂದು ದಿನದಲ್ಲಿ ಆದುದಲ್ಲ. ಕುಮಾರಪಾಲನು ಶಿವನನ್ನು ತೊರೆಯಲಿಲ್ಲ. ಸೋಮನಾಥ ದೇವಾಲಯದ ಜೀರ್ಣೋದ್ಧಾರವು ಅವನ ಕಾಲದಲ್ಲಿಯೇ ನಡೆದುದನ್ನು 1169ರ ಶಾಸನವು ಸಾರುತ್ತದೆ. ಅರಸನೊಡನೆ ಸೋಮನಾಥಕ್ಕೆ ಹೋದ ಹೇಮಚಂದ್ರರು, ರಾಗದ್ವೇಷಗಳನ್ನು ಕ್ಷಯಗೊಳಿಸಿದವನು ಯಾವ ಹೆಸರಿನವನಾದರೂ ಅವನಿಗೆ ನಮಿಸುವ ಭಾವದಿಂದ ಅಲ್ಲಿ ಸ್ತುತಿಸಿದರೆಂದು ಪ್ರಸಿದ್ಧಿಯಿದೆ. ಆಚಾರ್ಯರು ಅರಸನಿಂದ ಮೊದಲು ಬಯಸಿದುದು ಮಾಂಸ ಮತ್ತು ಮದ್ಯಗಳ ತ್ಯಾಗವನ್ನು. ಕೈಯಿಂದ ಬಿಡಬಹುದಾದುದನ್ನು ಬಿಟ್ಟ ಮೇಲೆ ಮನಸ್ಸಿನಿಂದ ಬಿಡಬೇಕಾದುದು ತಾನಾಗಿಯೇ ಕಾಣತೊಡಗುತ್ತದೆ.

ಇದಕ್ಕೆ ಪ್ರಬಂಧಚಿಂತಾಮಣಿಯಲ್ಲಿ ಒಂದು ಮಾರ್ಮಿಕ ಪ್ರಸಂಗವಿದೆ. ಮಾಂಸವನ್ನು ತ್ಯಜಿಸಿದ ಕುಮಾರಪಾಲನು ಒಮ್ಮೆ ಘೃತಪೂರವೆಂಬ ತುಪ್ಪದ ಭಕ್ಷ್ಯವನ್ನು ತಿನ್ನುತ್ತಿದ್ದಾಗ ಅದನ್ನು ಅಗಿಯುವ ಹದದಲ್ಲಿ ಹಿಂದಿನ ಮಾಂಸದ ರುಚಿ ಅವನ ನೆನಪಿಗೆ ಬಂತು. ಅವನು ಗಾಬರಿಗೊಂಡು, ಈ ಭಕ್ಷ್ಯವು ತನಗೆ ಯೋಗ್ಯವೇ ಎಂದು ಆಚಾರ್ಯರನ್ನು ಕೇಳಿದನು. ವಣಿಕರಿಗೂ ಬ್ರಾಹ್ಮಣರಿಗೂ ಅದು ಯೋಗ್ಯ, ಆದರೆ ಮಾಂಸವನ್ನು ಬಿಟ್ಟ ಕ್ಷತ್ರಿಯನಿಗೆ ಯೋಗ್ಯವಲ್ಲವೆಂದು ಅವರು ಉತ್ತರಿಸಿದರು. ಅದೇ ಪದಾರ್ಥ, ಅದೇ ತುಪ್ಪ, ಅದೇ ಹಿಟ್ಟು. ಆದರೆ ಒಬ್ಬನ ನಾಲಿಗೆಗೆ ಅದು ಬರಿಯ ಆಹಾರ, ಇನ್ನೊಬ್ಬನ ನಾಲಿಗೆಗೆ ಅದು ಹಳೆಯ ಹಿಂಸೆಯ ಸ್ಮರಣೆ. ಅರಸನು ಆ ಭಕ್ಷ್ಯವನ್ನೂ ಬಿಟ್ಟನು. ಹಿಂದೆ ಮಾಂಸವನ್ನು ಅಗಿದ 32 ಹಲ್ಲುಗಳ ಪ್ರಾಯಶ್ಚಿತ್ತಕ್ಕಾಗಿ 32 ಜಿನಾಲಯಗಳನ್ನು ಕಟ್ಟಿಸಿದನು. ವ್ರತವೆಂಬುದು ತಟ್ಟೆಯಲ್ಲಿರುವ ವಸ್ತುವನ್ನು ಮಾತ್ರವಲ್ಲ, ಅದನ್ನು ತಿನ್ನುವವನ ಚಿತ್ತವನ್ನೂ ನೋಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ಸಿಗುವುದು ಕಷ್ಟ.

ವಿಕ್ರಮ ಸಂವತ್ 1216ರಲ್ಲಿ ಕುಮಾರಪಾಲನು ಶ್ರಾವಕವ್ರತಗಳನ್ನು ಸ್ವೀಕರಿಸಿದನೆಂದು ಗಣಿಸಲಾಗುತ್ತದೆ. ಅವನ ರಾಜ್ಯದಲ್ಲಿ ಅಮಾರಿ ಘೋಷಣೆ, ಅಂದರೆ ಪ್ರಾಣಿವಧೆಯ ನಿಷೇಧ, ಜಾರಿಗೆ ಬಂತು. ಅವನ ಸಾಮಂತ ಆಲ್ಹಣದೇವನ ಕಿರಾಡು ಶಾಸನವು ವಿಕ್ರಮ ಸಂವತ್ 1209ರಲ್ಲಿಯೇ ಎರಡೂ ಪಕ್ಷಗಳ ಅಷ್ಟಮಿ, ಏಕಾದಶಿ ಮತ್ತು ಚತುರ್ದಶಿಗಳಂದು ಜೀವವಧೆಯನ್ನು ನಿಷೇಧಿಸಿದೆ. ಸಂತಾನವಿಲ್ಲದೆ ಸತ್ತವರ ಸೊತ್ತನ್ನು ರಾಜಭಂಡಾರಕ್ಕೆ ಸೆಳೆದುಕೊಳ್ಳುವ ಹಳೆಯ ಪದ್ಧತಿಯನ್ನೂ ಕುಮಾರಪಾಲನು ರದ್ದುಪಡಿಸಿದನು. ಗಂಡನನ್ನು ಕಳೆದುಕೊಂಡ ಹೆಂಗಸಿನ ಕಣ್ಣೀರಿನಿಂದ ಬರುವ ಆ ಆದಾಯವನ್ನು ಬಿಡುವುದು ಅಸ್ತೇಯವ್ರತದ ಒಂದು ರಾಜೋಚಿತ ಆಚರಣೆಯಾಗಿತ್ತು. ನವರಾತ್ರಿಯಲ್ಲಿ ಕಂಟೇಶ್ವರಿ ದೇವಿಗೆ ಬಲಿ ಕೊಡಬೇಕಾಗಿದ್ದ ಪಶುಗಳನ್ನು ಕೊಲ್ಲದೆ ಗುಡಿಯೊಳಗೇ ರಾತ್ರಿಯೆಲ್ಲ ಕೂಡಿಹಾಕಿ, ಬೆಳಿಗ್ಗೆ ಅವು ಜೀವಂತವಾಗಿರುವುದನ್ನು ತೋರಿಸಿ, ದೇವಿಗೆ ಮಾಂಸದ ಅಪೇಕ್ಷೆಯಿಲ್ಲವೆಂದು ಅರಸನು ಮನದಟ್ಟು ಮಾಡಿದನೆಂಬ ಕಥೆಯನ್ನು ಹದಿನೈದನೆಯ ಶತಮಾನದ ಜಿನಮಂಡನನು ಹೇಳುತ್ತಾನೆ.

ಇಂತಹ ಅರಸನಿಗಾಗಿ ಯೋಗಶಾಸ್ತ್ರವು ಹುಟ್ಟಿತು. ಹನ್ನೆರಡು ಪ್ರಕಾಶಗಳು, ಸಾವಿರಕ್ಕೂ ತುಸು ಹೆಚ್ಚು ಶ್ಲೋಕಗಳು. ಅದರ ಮೇಲೆ ಆಚಾರ್ಯರೇ ಬರೆದ ಸ್ವೋಪಜ್ಞವೃತ್ತಿಯು ಸುಮಾರು 12,000 ಗ್ರಂಥ ಪ್ರಮಾಣದ್ದು. ಆಗಮಗಳಿಂದಲೂ ಗುರುಪರಂಪರೆಯಿಂದಲೂ ಸ್ವಾನುಭವದಿಂದಲೂ ತಿಳಿದುದನ್ನು ಚೌಲುಕ್ಯ ಕುಮಾರಪಾಲನ ಪ್ರಾರ್ಥನೆಯಂತೆ ವಾಣಿಗೆ ಇಳಿಸಿದುದಾಗಿ ಅವರು ಗ್ರಂಥದ ಕೊನೆಯಲ್ಲಿ ತಿಳಿಸಿದ್ದಾರೆ. ಶುಭಚಂದ್ರಾಚಾರ್ಯರ ಜ್ಞಾನಾರ್ಣವಕ್ಕೂ ಈ ಗ್ರಂಥದ ಧ್ಯಾನಪ್ರಕರಣಗಳಿಗೂ ಇರುವ ನಿಕಟ ಸಾಮ್ಯವನ್ನು ವಿದ್ವಾಂಸರು ತೋರಿಸಿದ್ದಾರೆ. ಆತ್ಮಸಾಧನೆಯ ವಿಷಯದಲ್ಲಿ ಎರಡು ಆಮ್ನಾಯಗಳ ನಡುವೆ ಗೋಡೆಗಳು ಎತ್ತರವಾಗಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

ಗ್ರಂಥದ ಮೊದಲಲ್ಲಿಯೇ ಆಚಾರ್ಯರು ಯೋಗವೆಂದರೆ ಏನೆಂಬುದನ್ನು ನಿರ್ಣಯಿಸುತ್ತಾರೆ. ಮೋಕ್ಷಕ್ಕೆ ಕಾರಣವಾದುದು ಯೋಗ. ಸಮ್ಯಗ್ಜ್ಞಾನ, ಸಮ್ಯಗ್ದರ್ಶನ, ಸಮ್ಯಕ್‌ಚಾರಿತ್ರಗಳೆಂಬ ರತ್ನತ್ರಯವೇ ಅದರ ಸ್ವರೂಪ. ಉಸಿರಿನ ನಿಯಂತ್ರಣವಾಗಲಿ ದೇಹದ ಭಂಗಿಯಾಗಲಿ ಇಲ್ಲಿ ಮೊದಲ ಮಾತಲ್ಲ. ಮೊದಲ ಪ್ರಕಾಶದಲ್ಲಿ ಮುನಿಗಳ ಪಂಚಮಹಾವ್ರತಗಳನ್ನು ಹೇಳಿ, ಅದರ ಕೊನೆಯಲ್ಲಿ ಗೃಹಸ್ಥಧರ್ಮಕ್ಕೆ ಅರ್ಹನಾಗುವವನ 35 ಗುಣಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಮೊಟ್ಟಮೊದಲನೆಯದು ನ್ಯಾಯದಿಂದ ಸಂಪಾದಿಸಿದ ಧನ. ಅನ್ಯಾಯದ ಗಳಿಕೆಯಿಂದ ಬದುಕುವವನು ಎಷ್ಟು ಉಪವಾಸಗಳನ್ನು ಮಾಡಿದರೂ ಅಡಿಪಾಯವಿಲ್ಲದ ಮನೆಯನ್ನು ಕಟ್ಟಿದಂತೆ ಎಂಬುದು ಈ ಕ್ರಮದಿಂದಲೇ ವ್ಯಕ್ತವಾಗುತ್ತದೆ.

ಎರಡನೆಯ ಪ್ರಕಾಶದಲ್ಲಿ ಸಮ್ಯಕ್ತ್ವ ಮತ್ತು ಐದು ಅಣುವ್ರತಗಳು, ಮೂರನೆಯದರಲ್ಲಿ ಮೂರು ಗುಣವ್ರತಗಳು ಮತ್ತು ನಾಲ್ಕು ಶಿಕ್ಷಾವ್ರತಗಳು ಬರುತ್ತವೆ. ದಿಗ್ವ್ರತ, ಭೋಗೋಪಭೋಗಪರಿಮಾಣ, ಅನರ್ಥದಂಡವಿರತಿ ಎಂಬ ಗುಣವ್ರತಗಳು ಕನ್ನಡ ನಾಡಿನ ಶ್ರಾವಕರಿಗೆ ಚಿರಪರಿಚಿತವಾದ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಆಗಿವೆ. ಮದ್ಯ, ಮಾಂಸ, ಜೇನು, ಬೆಣ್ಣೆ, ಐದು ಉದುಂಬರ ಫಲಗಳ ತ್ಯಾಗ, ಹಿಂಸಾಪ್ರಧಾನವಾದ 15 ಬಗೆಯ ಉದ್ಯೋಗಗಳ ವರ್ಜನೆ ಇವೆಲ್ಲವನ್ನೂ ಆಚಾರ್ಯರು ಇಲ್ಲಿ ವಿವರಿಸಿದ್ದಾರೆ.

ರಾತ್ರಿಭೋಜನ ತ್ಯಾಗವನ್ನು ಕುರಿತು ಅವರು ಮಾಡಿದ ವಿಚಾರವು ವ್ರತಿಗಳು ವಿಶೇಷವಾಗಿ ಮನನ ಮಾಡತಕ್ಕದ್ದು. ಕತ್ತಲಲ್ಲಿ ಕಾಣದ ಇರುವೆ, ಹೇನು, ನೊಣಗಳು ಆಹಾರದೊಡನೆ ಸೇರಿ ಉಂಟುಮಾಡುವ ಅನರ್ಥಗಳನ್ನು ತಮ್ಮ ಕಾಲದ ತಿಳಿವಳಿಕೆಯಂತೆ ಎಣಿಸಿದ ಬಳಿಕ, ಅವರು ಇನ್ನೊಂದು ಸೂಕ್ಷ್ಮವನ್ನು ತೆರೆದಿಡುತ್ತಾರೆ. ಒಬ್ಬನು ಅಭ್ಯಾಸಬಲದಿಂದ ರಾತ್ರಿ ಉಣ್ಣದಿರಬಹುದು. ಆದರೆ ನಿಯಮವನ್ನು ಸ್ವೀಕರಿಸದಿದ್ದರೆ ಅದರ ಪೂರ್ಣಫಲ ಅವನಿಗೆ ದೊರೆಯದು. ಕರಾರಿಲ್ಲದೆ ಕೊಟ್ಟ ಸಾಲಕ್ಕೆ ಬಡ್ಡಿ ಬಾರದಿರುವಂತೆ ಇದು ಎಂದು ವ್ಯಾಪಾರಿಗಳ ನಾಡಿಗೆ ಒಪ್ಪುವ ಹೋಲಿಕೆಯನ್ನು ಅವರು ಕೊಡುತ್ತಾರೆ. ತಿನ್ನದಿರುವುದು ಬೇರೆ, ತಿನ್ನುವುದಿಲ್ಲವೆಂದು ನಿಶ್ಚಯಿಸಿ ತಿನ್ನದಿರುವುದು ಬೇರೆ. ಮೊದಲನೆಯದು ಸಂದರ್ಭದ ಕೈಯಲ್ಲಿದೆ. ಎರಡನೆಯದು ಆತ್ಮದ ಕೈಯಲ್ಲಿದೆ. ಜೀವನಪರ್ಯಂತ ರಾತ್ರಿಭೋಜನವನ್ನು ಬಿಟ್ಟವನು ತನ್ನ ಆಯುಷ್ಯದ ಅರ್ಧಭಾಗವನ್ನು ಉಪವಾಸದಲ್ಲಿಯೇ ಕಳೆದಂತಾಗುತ್ತದೆಂದೂ ಅವರು ಲೆಕ್ಕ ತೋರಿಸುತ್ತಾರೆ. ದೀರ್ಘ ಉಪವಾಸಗಳನ್ನು ಮಾಡಲು ದೇಹಶಕ್ತಿಯಿಲ್ಲದ ವೃದ್ಧರಿಗೂ ದುಡಿಯುವವರಿಗೂ ಇದು ದೊಡ್ಡ ಆಶ್ವಾಸನೆ.

ಶಿಕ್ಷಾವ್ರತಗಳಲ್ಲಿ ಪೌಷಧವನ್ನು ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳೆಂಬ ನಾಲ್ಕು ಪರ್ವಗಳಲ್ಲಿ ಆಚರಿಸಬೇಕು. ಉಪವಾಸಾದಿ ತಪಸ್ಸು, ಪಾಪವ್ಯಾಪಾರಗಳ ನಿಷೇಧ, ಬ್ರಹ್ಮಚರ್ಯ, ಸ್ನಾನಾಲಂಕಾರಗಳ ತ್ಯಾಗ ಈ ನಾಲ್ಕೂ ಸೇರಿದರೆ ಮಾತ್ರ ಅದು ಪೌಷಧ. ಅನ್ನವನ್ನು ಮಾತ್ರ ಬಿಟ್ಟು ಅಂಗಡಿಯ ಲೆಕ್ಕ, ಮನೆಯ ಜಗಳ, ಮೈಯ ಶೃಂಗಾರಗಳನ್ನು ಬಿಡದಿದ್ದರೆ ನಾಲ್ಕರಲ್ಲಿ ಒಂದು ಅಂಶವಷ್ಟೇ ನೆರವೇರಿದಂತೆ.

ಸಾಮಾಯಿಕ ವ್ರತಕ್ಕೆ ಆಚಾರ್ಯರು ಚಂದ್ರಾವತಂಸಕನೆಂಬ ಅರಸನ ಕಥೆಯನ್ನು ನಿದರ್ಶನವಾಗಿ ಹೇಳಿದ್ದಾರೆ. ಒಂದು ರಾತ್ರಿ ಆ ಅರಸನು ತನ್ನ ಶಯನಗೃಹದ ದೀಪವು ಉರಿಯುತ್ತಿರುವವರೆಗೆ ಕಾಯೋತ್ಸರ್ಗದಲ್ಲಿ ನಿಲ್ಲುವೆನೆಂದು ಮನಸ್ಸಿನಲ್ಲಿಯೇ ಸಂಕಲ್ಪಿಸಿದನು. ಸೇವಕಿಗೆ ಅದು ತಿಳಿಯದು. ಒಡೆಯನು ಕತ್ತಲಲ್ಲಿ ನಿಲ್ಲಬಾರದೆಂಬ ಭಕ್ತಿಯಿಂದ ಅವಳು ಪ್ರತಿಯೊಂದು ಜಾವದಲ್ಲಿಯೂ ದೀಪಕ್ಕೆ ಎಣ್ಣೆ ಎರೆಯುತ್ತಿದ್ದಳು. ಒಂದು ಮಾತು ಆಡಿದ್ದರೆ ಸಾಕಿತ್ತು. ಅರಸನು ಆಡಲಿಲ್ಲ, ಅವಳ ಮೇಲೆ ಕೋಪಿಸಿಕೊಳ್ಳಲೂ ಇಲ್ಲ. ಬೆಳಗಾಗುವ ಹೊತ್ತಿಗೆ ಅವನ ದೇಹವು ಬಳಲಿ ಬಿದ್ದಿತು. ಸಮಭಾವದಲ್ಲಿಯೇ ಪ್ರಾಣವನ್ನು ಬಿಟ್ಟು ದೇವಗತಿಯನ್ನು ಪಡೆದನು. ವ್ರತಕ್ಕೆ ಅಡ್ಡಿಯು ಯಾವಾಗಲೂ ಶತ್ರುವಿನಿಂದಲೇ ಬರುವುದಿಲ್ಲ, ಪ್ರೀತಿಯಿಂದ ಎಣ್ಣೆ ಎರೆಯುವ ಕೈಯಿಂದಲೂ ಬರುತ್ತದೆ. ಉಪವಾಸದ ದಿನ ಮನೆಯವರು ಕಾಳಜಿಯಿಂದ ಮುಂದಿಡುವ ಹಾಲಿನ ಬಟ್ಟಲನ್ನು ನೋಡಿದ ವ್ರತಿಗೆ ಈ ಕಥೆಯ ತಾತ್ಪರ್ಯವನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ನಾಲ್ಕನೆಯ ಪ್ರಕಾಶದಲ್ಲಿ ಕಷಾಯಜಯ, ಇಂದ್ರಿಯಜಯ, ಮನಃಶುದ್ಧಿ, ಸಮತ್ವ, ಹನ್ನೆರಡು ಭಾವನೆಗಳು ಮತ್ತು ಮೈತ್ರಿ ಮೊದಲಾದ ನಾಲ್ಕು ಭಾವನೆಗಳನ್ನು ವರ್ಣಿಸಿದ ಅನಂತರವೇ ಆಸನಗಳ ಮಾತು ಬರುತ್ತದೆ. ಪರ್ಯಂಕ, ವೀರ, ಪದ್ಮ, ಗೋದೋಹಿಕ, ಕಾಯೋತ್ಸರ್ಗ ಮುಂತಾದವುಗಳನ್ನು ಹೆಸರಿಸಿ, ಯಾವುದರಿಂದ ಮನಸ್ಸು ಸ್ಥಿರವಾಗುವುದೋ ಅದೇ ಸಾಧಕನಿಗೆ ಉಚಿತವಾದ ಆಸನವೆಂದು ಮುಗಿಸುತ್ತಾರೆ. ಐದನೆಯ ಪ್ರಕಾಶವು ಪ್ರಾಣಾಯಾಮವನ್ನು ಕುರಿತದ್ದು. ಗ್ರಂಥದಲ್ಲಿ ಅತ್ಯಂತ ದೀರ್ಘವಾದುದು ಇದೇ. ಆದರೆ ಇಷ್ಟೆಲ್ಲ ವಿವರಿಸಿದ ಆಚಾರ್ಯರು ಆರನೆಯ ಪ್ರಕಾಶದಲ್ಲಿ, ಉಸಿರನ್ನು ಬಲವಂತವಾಗಿ ಕಟ್ಟುವುದರಿಂದ ದೇಹಕ್ಕೆ ಕ್ಲೇಶವೂ ಅದರಿಂದ ಚಿತ್ತಕ್ಕೆ ಚಂಚಲತೆಯೂ ಉಂಟಾಗಿ ಅದು ಮುಕ್ತಿಗೆ ವಿಘ್ನವಾದೀತೆಂದು ನಿರ್ಣಯಿಸುತ್ತಾರೆ. ತಿಳಿದಿಲ್ಲದೆ ತಳ್ಳಿಹಾಕಿದವರ ಮಾತಲ್ಲ ಇದು. ಪೂರ್ಣವಾಗಿ ಅರಿತು ಅದರ ಮಿತಿಯನ್ನು ಕಂಡವರ ಮಾತು. ತಪಸ್ಸಿಗೂ ಇದೇ ಅಳತೆಗೋಲು. ಅನಶನವು ಬಾಹ್ಯತಪಸ್ಸುಗಳಲ್ಲಿ ಮೊದಲನೆಯದು ನಿಜ; ಆದರೆ ಪ್ರಾಯಶ್ಚಿತ್ತ, ವಿನಯ, ಸ್ವಾಧ್ಯಾಯ, ಧ್ಯಾನಗಳೆಂಬ ಅಂತರಂಗ ತಪಸ್ಸುಗಳೊಡನೆ ಅದು ಬೆರೆತಾಗಲೇ ಕರ್ಮನಿರ್ಜರೆಯ ಅಗ್ನಿಯಾಗುತ್ತದೆ.

ಮುಂದಿನ ಪ್ರಕಾಶಗಳಲ್ಲಿ ಪಿಂಡಸ್ಥ, ಪದಸ್ಥ, ರೂಪಸ್ಥ, ರೂಪಾತೀತವೆಂಬ ಧ್ಯಾನಗಳು, ಧರ್ಮಧ್ಯಾನದ ಭೇದಗಳು ಮತ್ತು ಶುಕ್ಲಧ್ಯಾನ ಕ್ರಮವಾಗಿ ನಿರೂಪಿತವಾಗಿವೆ. ಪಿಂಡಸ್ಥ ಧ್ಯಾನದಲ್ಲಿ ಸಾಧಕನು ಕ್ಷೀರಸಾಗರದ ನಡುವಿನ ಸಹಸ್ರದಳ ಕಮಲದ ಮೇಲೆ ತಾನು ಕರ್ಮಕ್ಷಯಕ್ಕಾಗಿ ಕುಳಿತಿರುವುದನ್ನು ಭಾವಿಸಿ, ಅಗ್ನಿಯಿಂದ ಕರ್ಮಗಳು ಸುಟ್ಟು, ಗಾಳಿಯಿಂದ ಬೂದಿ ಹಾರಿ, ಮಳೆಯಿಂದ ತೊಳೆದು, ಕೊನೆಗೆ ಶುದ್ಧವಾದ ಆತ್ಮವನ್ನು ಚಿಂತಿಸುತ್ತಾನೆ. ಹನ್ನೆರಡನೆಯ ಪ್ರಕಾಶದಲ್ಲಿ ಆಚಾರ್ಯರು ಶಾಸ್ತ್ರವನ್ನು ಬದಿಗಿರಿಸಿ ಸ್ವಾನುಭವವನ್ನು ಹೇಳತೊಡಗುತ್ತಾರೆ. ವಿಕ್ಷಿಪ್ತ, ಯಾತಾಯಾತ, ಶ್ಲಿಷ್ಟ, ಸುಲೀನ ಎಂದು ಚಿತ್ತದ ನಾಲ್ಕು ಅವಸ್ಥೆಗಳು. ಅಲೆದಾಡುವುದು ಮೊದಲನೆಯದು, ಹೋಗಿ ಬರುತ್ತ ತುಸು ಆನಂದವನ್ನು ಸವಿಯುವುದು ಎರಡನೆಯದು, ಸ್ಥಿರವಾಗಿ ಸುಖಿಸುವುದು ಮೂರನೆಯದು, ನಿಶ್ಚಲವಾಗಿ ಪರಮಾನಂದದಲ್ಲಿ ಲೀನವಾಗುವುದು ನಾಲ್ಕನೆಯದು. ಬಹಿರಾತ್ಮ, ಅಂತರಾತ್ಮ, ಪರಮಾತ್ಮವೆಂಬ ವಿಭಾಗವೂ ಇಲ್ಲಿ ಬರುತ್ತದೆ. ಪೂಜ್ಯಪಾದರ ಸಮಾಧಿತಂತ್ರವನ್ನು ಪಾರಾಯಣ ಮಾಡಿದವರಿಗೆ ಇದು ಹೊಸದಲ್ಲ.

ಈ ಕೊನೆಯ ಪ್ರಕಾಶದಲ್ಲಿ, ಮನಸ್ಸು ಹರಿದ ಕಡೆಯಿಂದ ಅದನ್ನು ಬಲವಂತವಾಗಿ ತಡೆಯಬಾರದು, ತಡೆದರೆ ಮದಿಸಿದ ಆನೆಯಂತೆ ಇನ್ನೂ ಪ್ರಬಲವಾಗುತ್ತದೆಂಬ ಉಪದೇಶವೂ ಇದೆ. ಮೊದಲ ನಾಲ್ಕು ಪ್ರಕಾಶಗಳನ್ನು ಬಿಟ್ಟು ಇದೊಂದನ್ನೇ ಓದಿದವನು ನಿಯಮಗಳೇ ಬೇಡವೆಂದು ಭಾವಿಸಿಯಾನು. ಆದರೆ ಈ ಮಾತು ಹನ್ನೆರಡನೆಯ ಮೆಟ್ಟಿಲಿನಲ್ಲಿ ನಿಂತವನಿಗೆ ಹೇಳಿದುದು. ಕೈಕಾಲು ನಾಲಿಗೆಗಳು ವ್ರತದ ಬೇಲಿಯೊಳಗೆ ನೆಲೆನಿಂತ ಮೇಲೆ ಮನಸ್ಸು ಎಷ್ಟು ದೂರ ಓಡಿದರೂ ಹಿಂಸೆಗೆ ಕೈಚಾಚಲಾರದು. ಓಡಿ ಓಡಿ ದಣಿದು ಮರಳಿ ಬರುತ್ತದೆ. ಬೇಲಿಯಿಲ್ಲದವನ ಮನಸ್ಸು ಬಿಟ್ಟರೆ ಪರರ ಪೈರನ್ನು ಮೇಯುತ್ತದೆ. ಆದುದರಿಂದಲೇ ಆಚಾರ್ಯರು ಗ್ರಂಥದ ಕ್ರಮವನ್ನು ಹೀಗೆ ಇರಿಸಿದರು.

ಕುಮಾರಪಾಲನು ಯೋಗಶಾಸ್ತ್ರದ 12 ಮತ್ತು ವೀತರಾಗಸ್ತೋತ್ರದ 20 ಪ್ರಕಾಶಗಳನ್ನು ಸೇರಿಸಿ, ಒಂದೊಂದು ಹಲ್ಲಿಗೆ ಒಂದೊಂದರಂತೆ 32 ಪ್ರಕಾಶಗಳನ್ನು ಪ್ರತಿದಿನ ಬೆಳಿಗ್ಗೆ ಪಠಿಸುತ್ತಿದ್ದನೆಂದು ಪರಂಪರೆಯು ಹೇಳುತ್ತದೆ. ಮಾಂಸವನ್ನು ಅಗಿದ ಬಾಯಿ ಶಾಸ್ತ್ರವನ್ನು ಉಚ್ಚರಿಸುವ ಬಾಯಿಯಾಯಿತು.

ವಿಕ್ರಮ ಸಂವತ್ 1229ರಲ್ಲಿ, ಕ್ರಿ.ಶ. 1172ರ ಸುಮಾರಿಗೆ, 84 ವರ್ಷ ವಯಸ್ಸಿನ ಆಚಾರ್ಯರು ತಮ್ಮ ಅಂತ್ಯಕಾಲವು ಸಮೀಪಿಸಿದುದನ್ನು ತಿಳಿದು, ಅನಶನವನ್ನು ಸ್ವೀಕರಿಸಿ ಪಾಟಣದಲ್ಲಿ ದೇಹತ್ಯಾಗ ಮಾಡಿದರು. ಗೃಹಸ್ಥಧರ್ಮದ ವಿವರಣೆಯನ್ನು ಸಲ್ಲೇಖನೆಯವರೆಗೆ ಒಯ್ದು ಮುಗಿಸಿದ್ದವರು ತಾವು ಬರೆದುದನ್ನು ತಮ್ಮ ದೇಹದಲ್ಲಿಯೇ ಪೂರ್ಣಗೊಳಿಸಿದರು. ಶೋಕದಿಂದ ಕಂಗೆಟ್ಟ ಅರಸನು ಅವರ ಚಿತಾಭಸ್ಮವನ್ನು ಹಣೆಗೆ ಧರಿಸಿದನು; ಅವನನ್ನು ನೋಡಿ ಸಾಮಂತರೂ ನಗರದ ಜನರೂ ಹಾಗೆಯೇ ಮಾಡಿದುದರಿಂದ ಆ ಸ್ಥಳದಲ್ಲಿ ಒಂದು ಗುಂಡಿಯೇ ಉಂಟಾಯಿತೆಂದೂ ಅದಕ್ಕೆ ಹೇಮಖಡ್ಡವೆಂದು ಹೆಸರು ಬಂತೆಂದೂ ಮೇರುತುಂಗನು ಬರೆದಿದ್ದಾನೆ. ಸುಮಾರು ಆರು ತಿಂಗಳ ಬಳಿಕ ಕುಮಾರಪಾಲನೂ ತೀರಿಕೊಂಡನು.

ಅನಂತರ ಪಟ್ಟವೇರಿದ ಅಜಯಪಾಲನು ಹಿಂದಿನ ಅರಸನ ಕಾರ್ಯಗಳಿಗೆ ವಿರೋಧಿಯಾದನು. ಕುಮಾರಪಾಲನು ಕಟ್ಟಿಸಿದ ಕೆಲವು ಜಿನಾಲಯಗಳು ನೆಲಸಮವಾದವು. ಹೇಮಚಂದ್ರರ ಶಿಷ್ಯರೂ ನಾಟ್ಯದರ್ಪಣದ ಕರ್ತೃಗಳಲ್ಲಿ ಒಬ್ಬರೂ ಆದ ರಾಮಚಂದ್ರರು ಕಾದ ತಾಮ್ರದ ಹಲಗೆಯ ಮೇಲೆ ಪ್ರಾಣ ತೆರಬೇಕಾಯಿತೆಂದು ಪ್ರಬಂಧಗಳು ಹೇಳುತ್ತವೆ. ರಾಜಾಜ್ಞೆಯಿಂದ ನಿಂತ ಅಹಿಂಸೆಯು ಇನ್ನೊಂದು ರಾಜಾಜ್ಞೆಯಿಂದ ಅಲುಗಾಡಿತು. ಡಂಗುರ ಸಾರಿ ಹೊರಡಿಸಿದ ನಿಷೇಧಕ್ಕೆ ಅರಸನ ಆಯುಷ್ಯವೇ ಆಯುಷ್ಯ.

ಆದರೆ ಯೋಗಶಾಸ್ತ್ರದ ಓಲೆಗಳು ಉಳಿದವು. ಅದರ ಮೊದಲ ನಾಲ್ಕು ಪ್ರಕಾಶಗಳು ಶ್ರಾವಕರ ಕೈಪಿಡಿಯಾಗಿ ಪ್ರತ್ಯೇಕವಾಗಿಯೇ ಪ್ರತಿಯಾಗುತ್ತ ಮನೆಮನೆಗಳನ್ನು ತಲುಪಿದವು. ಎಂಟು ಶತಮಾನಗಳು ಕಳೆದರೂ ಪಶ್ಚಿಮ ಭಾರತದ ಶ್ರಾವಕಕುಟುಂಬಗಳಲ್ಲಿ ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ, ಪರ್ವದಿನಗಳಲ್ಲಿ ಪೌಷಧವನ್ನು ಹಿಡಿಯುವ ರೂಢಿಯು ನಿಂತಿರುವುದು ಯಾವ ಅರಸನ ದಂಡಭಯದಿಂದಲೂ ಅಲ್ಲ. ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಗುರುಸಾಕ್ಷಿಯಾಗಿ, ಆತ್ಮಸಾಕ್ಷಿಯಾಗಿ ಸ್ವೀಕರಿಸಿದ ನಿಯಮದಿಂದ. ಕರಾರಿಲ್ಲದ ಸಾಲಕ್ಕೆ ಬಡ್ಡಿಯಿಲ್ಲವೆಂದ ಆಚಾರ್ಯರ ಲೆಕ್ಕವು ಇಲ್ಲಿಯೂ ಸತ್ಯವಾಯಿತು. ಪರರ ಆಜ್ಞೆಯಿಂದ ಬಿಟ್ಟುದು ಆಜ್ಞೆಯೊಡನೆ ಹೋಯಿತು; ಸಂಕಲ್ಪದಿಂದ ಬಿಟ್ಟುದು ಸಂಕಲ್ಪದೊಡನೆ ನಿಂತಿತು. ಪರ್ವದಿನದಂದು ಪ್ರತ್ಯಾಖ್ಯಾನಕ್ಕಾಗಿ ಕೈಮುಗಿಯುವ ಶ್ರಾವಕ ಶ್ರಾವಿಕೆಯರು, ಆ ಕ್ಷಣದಲ್ಲಿ ತಾವು ಯೋಗದ ಮೊದಲ ಮೆಟ್ಟಿಲನ್ನು ಏರುತ್ತಿರುವುದನ್ನು ನೆನೆದರೆ, ಧಂಧುಕದ ಆ ತಾಯಿಯು ಕೊಟ್ಟ ದಾನವು ಇಂದಿಗೂ ಸಾರ್ಥಕವೇ ಸರಿ.